ಸೆಮೆಯಾಕೆಯ ಕೈಯಿಂದ ಕಬ್ಬಿನ ಹಾಲು

ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಎದುರಿಗೆ ಹಸಿರು ಹೊಲ. ಕಣ್ಣು ಹೋದಷ್ಟು ದೂರ ಹೊಲವೇ. ನಡುವೆ ಒಂದು ಬದು ಇಲ್ಲ, ಒಂದು ಬೇವಿನ ಗಿಡ ಇಲ್ಲ, ಬೆದರುಗೊಂಬೆ ಇಲ್ಲ. ಹಿಂದಿನ ದಿನ ಕತ್ತಲಾದ ಮೇಲೆ ಆಫ್ರಿಕಾದ ಕಿಸುಮು ಪಟ್ಟಣಕ್ಕೆ, ನನ್ನನ್ನು ಕೆಲಸಕ್ಕೆ ಕರೆಸಿದ ಸೇಠರ ಮನೆಗೆ ಬಂದು ಇಳಿದಿದ್ದೆ, ಸುತ್ತಮುತ್ತ ಏನಿದೆ ಎಂದು ನೋಡಿರಲಿಲ್ಲ. ಬೆಳೆ ಯಾವುದೆಂದು ಗುರುತು ಹತ್ತಲಿಲ್ಲ. ಆದರೆ ಇಷ್ಟು ಹುಲುಸಾಗಿ ಬಂದ ಬೆಳೆಗೆ ನೀರಿನ ಕೊರತೆಯಿಲ್ಲ ಎಂಬುದನ್ನು ತಿಳಿಯಲು ರೈತನ ಮಗನಿಗೆ ಯಾರೂ ಹೇಳಬೇಕಿಲ್ಲ. ಊರಿಗೆ ಫೋನ್ ಹಚ್ಚಿ ಹೆಂಡತಿ ಮಹಾದೇವಿಗೆ ಹೇಳಿದೆ.

"ಇಂಥಾ ಭೂಮಿ ಮೂಡಲಗಿ, ಗೋಕಾಕ, ಹುಕ್ಕೇರಿ, ಮೂರೂ ತಾಲೂಕಿನ್ಯಾಗ ಹುಡುಕಿದ್ರೂ ಸಿಗಾಂಗಿಲ್ಲ ನೋಡ. ಒಂದಽ ಪಟ್ಟಿ!"

ಮರುದಿನ ಬೆಳಿಗ್ಗೆ ಕಿಟಕಿ ತೆಗೆದೆ. ಹೊಲ ಇರಲಿಲ್ಲ. ನಿನ್ನೆ ಹೊಲ ಇದ್ದ ಜಾಗದಲ್ಲಿ ನೀರು ಹೊಳೆಯುತ್ತಿತ್ತು, ಅದರ ಮೇಲೆ ಒಂದು ದೋಣಿ ಹೋಗುತ್ತಿತ್ತು. ಕೆಳಗೆ ಬಂದು ಕೇಳಿದರೆ ಸೇಠರ ಮನೆಯವರೆಲ್ಲ ನಕ್ಕರು. ಅದು ಹೊಲವಲ್ಲ, ಸರೋವರದ ಮೇಲೆ ತೇಲುವ ಕಳೆ. ನಮ್ಮ ಕೆರೆಗಳಲ್ಲಿ ಅಂತರಗಂಗೆ ಹಬ್ಬುತ್ತದಲ್ಲ, ಆ ಥರದ್ದು. ಗಾಳಿ ಈ ಕಡೆ ಬೀಸಿದರೆ ದಡಕ್ಕೆ ಬರುತ್ತದೆ, ಆ ಕಡೆ ಬೀಸಿದರೆ ಹೊರಟು ಹೋಗುತ್ತದೆ.

ಮಹಾದೇವಿಗೆ ಇದನ್ನೂ ಹೇಳಬೇಕಾಯಿತು.

"ಹ್ವಾದ ಮರದಿನಾನ ಹೊಲಾ ಕಳಕೊಂಡ್ರಿ? ಹಂಗಾರ ಇಲ್ಲಿ ಹೊಲದ ಕಾಗದ, ಉತಾರ ನನ್ನ ಕಡೇನಽ ಇರ್ಲಿ, ನಿಮ್ಮ ಕೈಗೆ ಕೊಡಾಂಗಿಲ್ಲ," ಎಂದಳು.

ಊರಿಗೆಲ್ಲ ಸುದ್ದಿ ಹಬ್ಬಿತು. ಈಗಲೂ ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳುವುದು, "ಏನ್ ಮಲ್ಲಪ್ಪ, ಹೊಲ ಸಿಕ್ತೇನ?" ಎಂದೇ.

ನಾನು ಮೂಡಲಗಿಯ ಬಾಜೂ ಹಳ್ಳಿಯವನು. ಸಾಲಿಯನ್ನು ಏಳನೆಯ ಇಯತ್ತೆಗೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನಾಗಿ ಬಿಟ್ಟು ಗಾಣಕ್ಕೆ ಹೋದೆ. ಕಬ್ಬು ಅರೆದು, ಹಾಲು ಕುದಿಸಿ, ಬೆಲ್ಲ ಮಾಡುವ ಜಾಗಕ್ಕೆ ನಮ್ಮಲ್ಲಿ ಗಾಣ ಎನ್ನುತ್ತೇವೆ. ಕಬ್ಬಿನ ರಸವನ್ನು ನಾವು ರಸ ಎನ್ನುವುದಿಲ್ಲ, ಹಾಲು ಎನ್ನುತ್ತೇವೆ. ಒಲೆಗೆ ಒಣಸಿಪ್ಪೆ ಒಗೆಯುವುದರಿಂದ ಶುರು ಮಾಡಿ ಪಾಕ ನೋಡುವವನಾಗುವವರೆಗೆ ಆ ಹೊಗೆಯಲ್ಲೇ ಬೆಳೆದೆ. ಕಿಸುಮುವಿನ ಸೇಠರು ನಮ್ಮ ಕಡೆಯ ಗಾಣಗಳನ್ನು ನೋಡಲು ಬಂದಾಗ ನಾನು ಮಾಡಿದ ಬೆಲ್ಲದ ಪೆಂಟಿಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡು, ಇದರ ಪಾಕ ಹಿಡಿದವರು ಯಾರು ಎಂದು ಕೇಳಿದರು. ಇದನ್ನು ಯಾಕೆ ಬರೆಯುತ್ತೇನೆಂದರೆ, ನಾನು ಹೊಟ್ಟೆಗಿಲ್ಲದೆ ಓಡಿ ಬಂದವನಲ್ಲ. ಕರೆದರು, ಬಂದೆ.

ಕಿಸುಮು ಕೀನ್ಯಾ ದೇಶದ ಪಶ್ಚಿಮಕ್ಕೆ, ದೊಡ್ಡ ಸರೋವರದ ದಂಡೆಯ ಮೇಲಿರುವ ಹಳೆಯ ಪಟ್ಟಣ. ಭೂಪಟದಲ್ಲಿ ವಿಕ್ಟೋರಿಯಾ ಎಂದಿರುವ ಸರೋವರವನ್ನು ಇಲ್ಲಿಯ ಲುವೊ ಜನ ನಾಮ್ ಲೋಲ್ವೆ ಎನ್ನುತ್ತಾರೆ. ಮೊಂಬಾಸಾದ ಕಡಲಿನಿಂದ ಹೊರಟ ರೈಲು ಹಳಿ ಇಲ್ಲಿ ನೀರಿನ ಅಂಚಿಗೆ ಬಂದು ಮುಗಿಯುತ್ತದೆ. ಹಿಂದೆ ಸಾಮಾನು ರೈಲಿನಿಂದ ಇಳಿದು ಹಡಗು ಹತ್ತುತ್ತಿತ್ತಂತೆ. ಹಳಿ ಹಾಕಲು ಬಂದವರು, ಅವರ ಹಿಂದೆ ಅಂಗಡಿ ಹಾಕಲು ಬಂದವರು ಬಹಳ ಮಂದಿ ನಮ್ಮ ದೇಶದವರು. ಪೇಟೆಯ ಹಳೆಯ ಅಂಗಡಿಗಳ ನೆತ್ತಿಯ ಮೇಲೆ ಕಟ್ಟಿಸಿದವರ ಹೆಸರು, ಇಸವಿ ಇನ್ನೂ ಇವೆ. ನಮ್ಮ ಸೇಠರ ಮುತ್ತಜ್ಜ ಗುಜರಾತಿನಿಂದ ಬಂದವರು. ಸೇಠರು ಹುಟ್ಟಿದ್ದು ಇಲ್ಲೇ. ನಿಮ್ಮ ಊರು ಯಾವುದು ಎಂದರೆ ಕಿಸುಮು ಎನ್ನುತ್ತಾರೆ. ಮೊದಲ ಸಲ ಕೇಳಿದಾಗ, ಈ ಮನುಷ್ಯ ಸುಳ್ಳು ಹೇಳುತ್ತಾನೆ ಅನಿಸಿತ್ತು.

ನಮ್ಮಲ್ಲಿ ಘಟಪ್ರಭೆ ಗೋಕಾಕದಲ್ಲಿ ಧುಮುಕುವ ಸಪ್ಪಳ ದೂರಕ್ಕೇ ಕೇಳಿಸುತ್ತದೆ. ಇಲ್ಲಿಯ ನೀರಿಗೆ ಸಪ್ಪಳವಿಲ್ಲ, ಆಚೆಯ ದಡವೂ ಇಲ್ಲ. ನಮ್ಮಲ್ಲಿ ಮಳೆಗೆ ನಕ್ಷತ್ರ ನೋಡುತ್ತೇವೆ. ಇಲ್ಲಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಸರೋವರದ ಮೇಲೆ ಮೋಡ ಎದ್ದರೆ ಛತ್ರಿ ತೆಗೆದರಾಯಿತು. ಕಬ್ಬೂ ಹಾಗೆಯೇ, ವರ್ಷದುದ್ದಕ್ಕೂ ಬರುತ್ತಲೇ ಇರುತ್ತದೆ. ಸುಗ್ಗಿ ಮುಗಿಯಿತು, ಒಲೆ ಆರಿಸಿ ಮನೆಗೆ ಹೋಗೋಣ ಎಂಬ ದಿನ ಇಲ್ಲಿಲ್ಲ.

ಸೇಠರ ಗಾಣ ಪಟ್ಟಣದ ಹೊರಗೆ ಕಬ್ಬಿನ ಬಯಲಿನ ಕಡೆಗಿದೆ. ಅಲ್ಲಿ ಮಾಡುತ್ತಿದ್ದ ಬೆಲ್ಲ ಡಾಂಬರಿನಂತೆ ಕರ್ರಗೆ, ಹೆಚ್ಚಿನದು ಭಟ್ಟಿ ಇಳಿಸುವವರ ಪಾಲಾಗುತ್ತಿತ್ತು. ಅಂಗಡಿಯಲ್ಲಿ ಇಟ್ಟು ಮಾರುವಂಥ, ಚಹಾಕ್ಕೆ ಹಾಕುವಂಥ ಬೆಲ್ಲ ಬೇಕೆಂದೇ ಸೇಠರು ನನ್ನನ್ನು ಕರೆಸಿದ್ದು. ಇರಲು ಗಾಣದ ಹತ್ತಿರವೇ ತಗಡಿನ ಮಾಡಿನ ಒಂದು ಖೋಲಿ ಬಾಡಿಗೆಗೆ ಸಿಕ್ಕಿತು. ಖೋಲಿಯ ಒಡತಿ ಐವತ್ತು ದಾಟಿದ ಲುವೊ ಹೆಂಗಸು. ಆಕೆಯನ್ನು ಎಲ್ಲರೂ ನ್ಯಾರ್ ಸೆಮೆ ಎನ್ನುತ್ತಾರೆ. ಸೆಮೆ ಆಕೆಯ ತವರಿನ ಹೆಸರು, ನ್ಯಾರ್ ಎಂದರೆ ಆ ಊರಿನ ಮಗಳು. ಇದನ್ನು ಕೇಳಿ ನನಗೆ ಬಹಳ ಖುಷಿಯಾಯಿತು. ನಮ್ಮ ಓಣಿಯಲ್ಲಿ ಮಹಾದೇವಿಯನ್ನು ಯಾರು ಮಹಾದೇವಿ ಎಂದು ಕರೆಯುತ್ತಾರೆ? ತವರೂರಿನ ಮೇಲೆ ಆಕೆ ಮೇಲವಂಕ್ಯಾಕಿ, ಪಕ್ಕದ ಮನೆಯವಳು ಕೌಜಲಗ್ಯಾಕಿ. ಆ ದಿನದಿಂದ ಮನಸ್ಸಿನಲ್ಲಿ ಈಕೆ ನನಗೆ ಸೆಮೆಯಾಕೆ.

ಮೊದಮೊದಲು ಸೆಮೆಯಾಕೆಯ ಮಾತನ್ನು ನನಗೆ ಹೇಳುತ್ತಿದ್ದವನು ಓಡಿಯಾಂಬೊ. ಗಾಣದ ಮಿಷನ್ ನಡೆಸುವವನು, ಸೇಠರ ಅಂಗಡಿಯಲ್ಲಿ ದುಡಿದು ಹಿಂದಿ ಕಲಿತವನು. ಆಮೇಲೆ ನಾನೇ ಕಿಸ್ವಾಹಿಲಿ ಕಲಿತೆ, ಸಾಲಿಯಲ್ಲಿ ಕಲಿಯದಷ್ಟು ಹಟ ಹಿಡಿದು. ಅವರ ಮಾತು ಈಗ ನನ್ನ ಕಿವಿಗೆ ನಮ್ಮ ಕಡೆಯ ಮಾತಾಗಿಯೇ ಕೇಳಿಸುತ್ತದೆ, ಹಾಗೆಯೇ ಬರೆಯುತ್ತೇನೆ. ಆ ಭಾಷೆಯಲ್ಲಿ ನನಗೆ ಬಹಳ ಹಿಡಿಸಿದ ಮಾತು 'ಪೋಲೆ'. ನೀವು ಎಡವಿದರೆ, ಕೈ ಸುಟ್ಟುಕೊಂಡರೆ, ಭಾರ ಹೊತ್ತು ಹೊರಟಿದ್ದರೆ, ದಾರಿಯಲ್ಲಿ ಹೋಗುವವರು ಪೋಲೆ ಎನ್ನುತ್ತಾರೆ. ತಪ್ಪು ಅವರದಲ್ಲ, ಆದರೂ ನಿಮ್ಮ ನೋವು ಕಂಡಿತು ಎಂದು ಹೇಳಿ ಮುಂದೆ ಹೋಗುತ್ತಾರೆ.

ಊಟದ್ದು ದೊಡ್ಡ ಪಾಡು. ಸರೋವರದ ಊರಲ್ಲಿ ಮೀನು ತಿನ್ನದವನನ್ನು ಯಾರೂ ನಂಬುವುದಿಲ್ಲ. ಸೆಮೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಯಾವ ಜಡ್ಡು ಐತಿ ನಿನಗ?"

"ಜಡ್ಡಿಲ್ಲ ಮಾಮಾ. ನಮ್ಮ ಮನಿತನದಾಗ ತಿನ್ನಾಂಗಿಲ್ಲ."

ಇಲ್ಲಿ ಹಿರಿಯ ಹೆಂಗಸರಿಗೆಲ್ಲ ಮಾಮಾ ಎನ್ನಬೇಕು. ಆಕೆಯ ಕಣ್ಣು ನನ್ನ ಕೊರಳಿನ ಲಿಂಗದ ಕರಡಿಗೆಯ ಮೇಲೆ ಬಿತ್ತು.

"ಅದರಾಗೇನೈತಿ?"

"ನನ್ನ ದೇವರು. ಎಲ್ಲಿಗೆ ಹೋದ್ರೂ ಮೈಮ್ಯಾಲೆ ಇರ್ತಾನ."

"ಹಂಗಾರ ಇಮಾನದಾಗ ಅವಗ ಟಿಕೀಟ ಇಲ್ಲದಽ ಕರಕೊಂಡ್ ಬಂದಿ!"

ಬಿಳಿ ಜೋಳ ಇಲ್ಲಿ ಸಿಗಲಿಲ್ಲ. ಸಂತೆಯಲ್ಲಿ ಸಿಕ್ಕದ್ದು ಕೆಂಪು ಜೋಳ. ಇವರು ಅದರ ಹಿಟ್ಟಿನಿಂದ ಮುದ್ದೆಯಂಥದ್ದು ತಿರುವುತ್ತಾರೆ. ನಾನು ರೊಟ್ಟಿ ಬಡಿಯಲು ಕೂತೆ. ಒಡೆಯಿತು. ಮಹಾದೇವಿ ಫೋನಿನಲ್ಲಿ ನೋಡುತ್ತಾ, "ಎಸರು ಇನ್ನಽ ಕುದೀಬೇಕ್ರಿ, ಹಿಟ್ಟು ಜಿಗುಟಾಗೂ ತನಕ ನಾದ್ರಿ" ಎಂದು ಹೇಳಿದಂತೆ ಮಾಡಿದೆ, ಮತ್ತೆ ಒಡೆಯಿತು. ಸೆಮೆಯಾಕೆ ಬಾಗಿಲಲ್ಲಿ ನಿಂತು, ಗಂಡಸು ಒಲೆಯ ಮುಂದೆ ಕೂತಿದ್ದಾನೆಂದು ನೆರೆಯವರನ್ನೆಲ್ಲ ಕರೆದು ತೋರಿಸಿದಳು. ನಾನು ಏಳಲಿಲ್ಲ. ಕೊನೆಗೂ ಒಂದು ರೊಟ್ಟಿ ತವೆಯ ಮೇಲೆ ಪೂರಾ ಉಬ್ಬಿದಾಗ ಬಾಗಿಲಲ್ಲಿ ನಿಂತ ಹೆಂಗಸರು ಚಪ್ಪಾಳೆ ತಟ್ಟಿದರು.

ಸೆಮೆಯಾಕೆಯ ದಂಧೆ ಗಾಣದ ಬಾಗಿಲಿನಲ್ಲೇ. ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ನೆರಳು, ಅದರ ಕೆಳಗೆ ಸಿಪ್ಪೆ ಕೆತ್ತಿ ತುಂಡು ಮಾಡಿದ ಕಬ್ಬು, ಒಂದು ಪಾತ್ರೆಯಲ್ಲಿ ಬಿಸಿ ಉಜಿ. ಉಜಿ ಎಂದರೆ ಹಿಟ್ಟಿನ ಗಂಜಿ. ಕಬ್ಬು ಕಡಿಯುವವರು, ಟ್ರ್ಯಾಕ್ಟರಿನವರು, ಬಾಡಿಗೆ ಮೋಟರ್‌ಸೈಕಲಿನವರು ಆಕೆಯ ಗಿರಾಕಿಗಳು. ಇದನ್ನೆಲ್ಲ ನಾನು ದಿನಾ ಕಣ್ಣಾರೆ ನೋಡುತ್ತಿದ್ದೆ. ಆದರೂ ಮಾಡಿದ್ದು ಏನು, ಕೇಳಿ.

ನಮ್ಮ ಕಡೆ ಗಾಣಕ್ಕೆ ಬಂದವರಿಗೆ ಹಾಲು ಕುಡಿಸದೆ ಕಳಿಸುವುದಿಲ್ಲ. ದುಡ್ಡು ಕೇಳುವ ಮಾತೇ ಇಲ್ಲ. ದಾರಿಹೋಕರು, ಕುರಿಯವರು, ಅರಭಾವಿ ಕಾಲೇಜಿಗೆ ಹೋಗುವ ಬಸ್ಸು ತಪ್ಪಿಸಿಕೊಂಡ ಹುಡುಗರು, ಯಾರೇ ಬರಲಿ, ತಂಬಿಗೆ ತುಂಬಿ ಕೊಡುವುದು. ಹಾಲು ಮಾರಿದ ಗಾಣಕ್ಕೆ ಬರಕತ್ತಿಲ್ಲ, ಏಳಿಗೆಯಿಲ್ಲ ಎನ್ನುತ್ತಾರೆ. ಹೊಸ ಕಡಾಯಿ ಏರಿಸಿದ ದಿನ ನಾನು ಒಂದು ಬ್ಯಾರಲ್ ತುಂಬ ಹಾಲು ಹಿಡಿಸಿ, ನಿಂಬೆಹಣ್ಣು, ಶುಂಠಿ ಹಿಂಡಿಸಿ ಬಾಗಿಲಲ್ಲಿ ಇಡಿಸಿದೆ.

ಸೇಠರು ಗೊಣಗಿದರು. "ಮಲ್ಲಪ್ಪ, ಇದು ಧರ್ಮಶಾಲೆ ಅಲ್ಲ."

"ಹಾಲು ಮಾರೂದಾದ್ರ ಬ್ಯಾರೆ ಮನಿಷ್ಯಾನ್ನ ನೋಡಕೋರಿ," ಎಂದೆ. ಅವರು ಕೈ ಝಾಡಿಸಿ ಹೋದರು. ಗೆದ್ದೆ ಅನಿಸಿತು.

ಮಂದಿ ಬಂದರು. ಕುಡಿದರು, ಬಾಯಿ ಒರೆಸಿಕೊಂಡು ನನ್ನ ಬೆನ್ನು ತಟ್ಟಿದರು. ಮಲಾಪಾ, ಮಲಾಪಾ ಎಂದು ರಸ್ತೆಯಿಂದಲೇ ಕೂಗತೊಡಗಿದರು. ಪರದೇಶದಲ್ಲಿ ದಾಸೋಹ ನಡೆಸಿದೆ ಎಂದು ಮಹಾದೇವಿಗೆ ಹೇಳಿದೆ. ಹೇಳುವಾಗ ದನಿ ಸ್ವಲ್ಪ ದೊಡ್ಡದೇ ಆಗಿತ್ತು.

ಕೆಲವು ದಿನ ಹೋದವು. ಸೆಮೆಯಾಕೆ ನನ್ನ ನಮಸ್ಕಾರಕ್ಕೆ ಮುಖ ತಿರುಗಿಸತೊಡಗಿದಳು. ರೊಟ್ಟಿಯ ಹೊಗೆಗೆ ಸಿಟ್ಟಾಗಿರಬೇಕು ಅಂದುಕೊಂಡೆ. ಒಂದು ದಿನ ಸಂಜೆ ನಾನು ಗಾಣದಿಂದ ಹೊರಟಾಗ ಆಕೆ ನೆರಳಿನಡಿಯಿಂದ ಎದ್ದು ಬಂದಳು. ಓಡಿಯಾಂಬೊ ಜೊತೆಗಿದ್ದ.

"ತಿಂಗಳು ಮುಗಿಯೂದರಾಗ ನನ್ನ ಖೋಲಿ ಬಿಡು."

"ಯಾಕ ಮಾಮಾ? ನನ್ನಿಂದ ಏನ್ ತಪ್ಪಾತು?"

ಆಕೆ ತನ್ನ ತಟ್ಟೆಯಲ್ಲಿ ಒಣಗಿ ಕೆಂಪಾದ ಕಬ್ಬಿನ ತುಂಡುಗಳನ್ನು ತೋರಿಸಿದಳು. "ನೀ ಬಿಟ್ಟಿ ಕುಡಸಾಕತ್ತಿ. ಇದನ್ನ ಯಾರು ತಗೋತಾರ? ಹೊಟ್ಟಿ ತುಂಬ ಹಾಲು ಕುಡದಾವ ಉಜಿ ಕುಡೀತಾನ? ಈ ನೆಳ್ಳಾಗ ಕುಂತ ಮೂರು ಮಕ್ಳನ್ನ ದೊಡ್ಡವ್ರನ್ನ ಮಾಡೇನಿ. ನಿನ್ನ ಪುಣ್ಯೇಕ್ಕ ನನ್ನ ಹೊಟ್ಟೀನಽ ಬೇಕಾಗಿತ್ತೇನು?"

ನಮ್ಮ ಕಡೆ ಗಾಣದ ಬಾಗಿಲಲ್ಲಿ ಕಬ್ಬು ಮಾರುವವರು ಇರುವುದಿಲ್ಲ, ಅದಕ್ಕೇ ಈ ವಿಚಾರ ತಲೆಗೆ ಬಂದಿರಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು. "ಪೋಲೆ, ಮಾಮಾ."

"ಪೋಲೆ ಅನ್ನೂದು ಕಲ್ಲು ಎಡವಿದವ್ರಿಗೆ," ಎಂದಳು. "ನೀನಽ ಆ ಕಲ್ಲು."

ಓಡಿಯಾಂಬೊ ಇದನ್ನು ಹಿಂದಿಗೆ ತಿರುಗಿಸಲಿಲ್ಲ. ಬೇಕಾಗಿಯೂ ಇರಲಿಲ್ಲ, ನನಗೆ ಅರ್ಥವಾಗಿತ್ತು. ನಷ್ಟ ನಾನು ತುಂಬಿಕೊಡುತ್ತೇನೆ ಎಂದೆ. ಆಕೆ ನೆಲಕ್ಕೆ ಉಗುಳಿದಳು. "ನಾ ಭಿಕ್ಷಾ ಬೇಡಾಕ ಕುಂತಿಲ್ಲ, ದಂಧೆ ಮಾಡಾಕ ಕುಂತೇನಿ."

ಮರುದಿನ ಬ್ಯಾರಲ್ ಒಳಗೆ ತೆಗೆಸಿದೆ. ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ, ಇನ್ನಷ್ಟು ಕೆಟ್ಟಿತು. ಕಬ್ಬು ಕಡಿಯುವವರು ಬಂದು ಖಾಲಿ ಜಾಗ ನೋಡಿ, "ಯಾಕ ಮಲಾಪಾ, ಸೇಠ ನಿನ್ನ ಕಿವಿ ಹಿಂಡಿದ್ನ?" ಎಂದು ಚುಚ್ಚಿದರು. ಸೆಮೆಯಾಕೆ ತಕರಾರು ಮಾಡಿದ್ದು ಅವರ ಕಿವಿಗೆ ಬಿದ್ದಿತ್ತು. ಆಕೆಯ ಮುಂದಿನಿಂದಲೇ ಬೇಕಂತಲೇ ನಡೆದು, ದೂರದ ಇನ್ನೊಂದು ಅಂಗಡಿಯಲ್ಲಿ ಉಜಿ ಕುಡಿಯಹತ್ತಿದರು. ಬಿಟ್ಟಿ ಕೊಟ್ಟಾಗ ಆಕೆಯ ವ್ಯಾಪಾರ ಅರ್ಧ ಹೋಗಿತ್ತು. ನಿಲ್ಲಿಸಿದಾಗ ಪೂರಾ ಹೋಯಿತು. ಆಕೆ ಅಂಗಡಿ ಮಾತ್ರ ಎತ್ತಲಿಲ್ಲ. ಗಿರಾಕಿ ಇರಲಿ ಬಿಡಲಿ, ಬೆಳಿಗ್ಗೆ ಬಂದು ಕಬ್ಬು ಕೆತ್ತಿ ಕೂರುತ್ತಿದ್ದಳು. ಆಕೆ ಕೂತಿರುವುದನ್ನು ನೋಡುತ್ತ ಕಡಾಯಿಯ ಮುಂದೆ ನಿಲ್ಲುವುದು ನನಗೆ ಕಷ್ಟವಾಯಿತು. ಬೇರೆ ಖೋಲಿ ಹುಡುಕಿಕೊಳ್ಳಬಹುದಿತ್ತು. ಆದರೆ ಕೆಡಿಸಿದ್ದನ್ನು ಸರಿ ಮಾಡದೆ ಗಂಟು ಕಟ್ಟಿಕೊಂಡು ಹೊರಡುವ ಜಾತಿಯವನಲ್ಲ ನಾನು.

ರವಿವಾರ ಗಾಣಕ್ಕೆ ಸೂಟಿ. ತಲೆ ಕೆಟ್ಟು ಸರೋವರದ ದಂಡೆಗೆ ನಡೆದುಹೋದೆ. ಮೀನಿನ ದೋಣಿಗಳು ದಡಕ್ಕೆ ಬರುವ ಹೊತ್ತು. ವಾಸನೆಗೆ ಟಾವೆಲ್ಲಿನಿಂದ ಮೂಗು ಮುಚ್ಚಿಕೊಂಡು ಒಂದು ಕಲ್ಲಿನ ಮೇಲೆ ಕೂತೆ. ಒಂದು ದೋಣಿ ಬಂತು. ದೋಣಿಯವನು ಮೀನನ್ನೆಲ್ಲ ಕಾದು ನಿಂತಿದ್ದ ಒಬ್ಬ ಹೆಂಗಸಿನ ಬುಟ್ಟಿಗೆ ಸುರಿದ. ದಡದಲ್ಲಿ ಕೋಲು ಹಿಡಿದ ಒಬ್ಬ ಮುದುಕಿ ಇದ್ದಳು. ಬುಟ್ಟಿಯವಳು ಎರಡು ಮೀನು ತೆಗೆದು ಮುದುಕಿಯ ಚೀಲಕ್ಕೆ ಹಾಕಿದಳು, ಮುದುಕಿ ಅವಳನ್ನು ಹರಸಿದಳು. ದೋಣಿಯವನು ಅತ್ತ ಮುಖ ಮಾಡಿ ಬಲೆ ಜಾಡಿಸುತ್ತಲೇ ಇದ್ದ. ಮೀನು ಹಿಡಿದವನು ಅವನು, ಹರಕೆ ಸಂದದ್ದು ಬುಟ್ಟಿಯವಳಿಗೆ. ಅವನ ಮುಖದಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ. ನಾನು ಬಹಳ ಹೊತ್ತು ಅವನನ್ನೇ ನೋಡಿದೆ.

ಸೋಮವಾರ ಸಂತೆಯಿಂದ ಒಂದು ಚೀಲ ಗೆಣಸು ತಂದೆ. ಸುಗ್ಗಿಯಲ್ಲಿ ನಮ್ಮ ಹೆಂಗಸರು, ಮಕ್ಕಳು ಗಾಣಕ್ಕೆ ಗೆಣಸು, ಶೇಂಗಾ ತರುತ್ತಾರೆ. ಬಟ್ಟೆಯಲ್ಲಿ ಕಟ್ಟಿ ಕುದಿಯುವ ಕಡಾಯಿಗೆ ಇಳಿಬಿಟ್ಟರೆ ಗೆಣಸು ಬೆಲ್ಲ ಕುಡಿದು, ಮೇಲೆ ಗಾಜಿನಂಥ ಹೊಳಪು ಬರುತ್ತದೆ. ಹಾಗೆ ಬೇಯಿಸಿದ ಒಂದನ್ನು ಎಲೆಯ ಮೇಲಿಟ್ಟುಕೊಂಡು ಸೆಮೆಯಾಕೆಯ ಮುಂದೆ ಹೋಗಿ ನಿಂತೆ.

"ಬ್ಯಾರಲ್ ನಿಮ್ಮ ನೆಳ್ಳಾಗ ಇಡತೇನಿ ಮಾಮಾ. ಹಾಲು ಬಿಟ್ಟೀನಽ. ಆದ್ರ ಕೊಡಾವ್ರು ನೀವು."

"ನಾ ಏನ್ ಮಾರ್ಲಿ? ಗಾಳಿ?"

"ಇದನ್ನ ತಿಂದು ಹೇಳ್ರಿ."

ಸಂಶಯದಿಂದಲೇ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಉಳಿದ ಅರ್ಧವನ್ನೂ ತಿಂದಳು. ಬೆರಳು ನೆಕ್ಕಿ, ನನ್ನನ್ನು ಕೆಟ್ಟ ಕಣ್ಣಿನಿಂದ ನೋಡಿದಳು.

"ಇದನ್ನ ಮಾಡಾಕ ಬರೂದು ಗೊತ್ತಿದ್ದೂ ಆ ಹಾಲು ಹಂಚಕೋತ ಕುಂತಿದ್ದೆಲ್ಲೋ, ದಡ್ಡ!"

ಕರಾರು ಆಕೆಯೇ ಹಾಕಿದಳು. ಗೆಣಸು, ಶೇಂಗಾ ಆಕೆಯವು, ಕಡಾಯಿಗೆ ಇಳಿಸಿ ತೆಗೆಯುವುದು ನನ್ನ ಕೆಲಸ, ಮಾರಿದ್ದು ಆಕೆಗೆ. ಗ್ಲಾಸು ಆಕೆಯ ಕೈಯಲ್ಲೇ ಇರಬೇಕು, ನಾನು ನಡುವೆ ಬಾಯಿ ಹಾಕುವ ಹಾಗಿಲ್ಲ. ಕೊನೆಯ ಮಾತು ಹೇಳುವಾಗ ಬೆರಳೆತ್ತಿದಳು:

"ಕುಡದಾವ ಹೆಸರು ತಗೊಂಡ್ರ ನನ್ನ ಹೆಸರು ತಗೋಬೇಕು. ತಿಳೀತಿಲ್ಲೋ?"

ಇದು ಚುಚ್ಚಿತು. ಹಾಲು ಹಿಂಡಿಸುವವನು ನಾನು, ಸೇಠರ ಎದುರು ಅದಕ್ಕಾಗಿ ನಿಂತವನು ನಾನು. "ಆಗ್ಲಿ" ಎಂದು ಹೇಳುವ ಮುಂಚೆ ನಾಲಿಗೆ ಸ್ವಲ್ಪ ತಡವರಿಸಿತು. ಆದರೂ ಹೇಳಿದೆ. ಸೇಠರಿಗೆ ತಿಳಿದಾಗ, "ಮೊದಲು ನೀನೊಬ್ಬ ಹಂಚುತ್ತಿದ್ದೆ, ಈಗ ಏಜೆಂಟನ್ನೂ ಇಟ್ಟೆಯಾ?" ಎಂದು ಹಣೆ ಬಡಿದುಕೊಂಡರು. ಆಮೇಲೆ ಗೆಣಸನ್ನು ಮನೆಗೆ ಕಟ್ಟಿಸಿಕೊಂಡು ಹೋದರು.

ಸಿಟ್ಟಾಗಿದ್ದ ಮಂದಿ ಒಂದೇ ದಿನಕ್ಕೆ ಬರಲಿಲ್ಲ. ಮೊದಲು ಮೋಟರ್‌ಸೈಕಲಿನವರು ಬಂದರು, ಅವರ ಕೈಯಲ್ಲಿ ಗೆಣಸು ನೋಡಿ ಕಬ್ಬು ಕಡಿಯುವವರು ಬಂದರು. ಹಾಲು ಕುಡಿದವನು ಬರಿಗೈಯಲ್ಲಿ ಹೋಗಲು ನಾಚಿ ಏನಾದರೂ ಕೊಳ್ಳುತ್ತಿದ್ದ, ನಾಚದವನನ್ನು ಸೆಮೆಯಾಕೆ ನಾಚುವಂತೆ ಮಾಡುತ್ತಿದ್ದಳು. ಉಜಿಯ ಪಾತ್ರೆ ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು. ಖೋಲಿ ಬಿಡುವ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ತಿಂಗಳು ಮುಗಿದಾಗ ಬಾಡಿಗೆ ಕೇಳಲು ಎಂದಿನಂತೆ ಬಾಗಿಲಿಗೆ ಬಂದಳು. ಅದೇ ಉತ್ತರ ಎಂದು ತಿಳಿದುಕೊಂಡೆ.

ಈಗ ಆ ಹಾಲಿಗೆ ಸೆಮೆಯಾಕೆಯ ಹಾಲು ಎಂದೇ ಹೆಸರು. ಒಮ್ಮೆ ಹೊಸದಾಗಿ ಬಂದ ಕಬ್ಬು ಕಡಿಯುವವನೊಬ್ಬ ಸಾಲಿನಲ್ಲಿ ನನ್ನನ್ನು ನೋಡಿ, ಈ ಹಿಂದೂಸ್ತಾನದವನೂ ಬಿಟ್ಟಿ ಕುಡಿಯಲು ಬಂದನೇ ಎಂದು ಕೇಳಿದ. ಓಡಿಯಾಂಬೊ ನಕ್ಕು ನಕ್ಕು ಮಿಷನ್ನಿಗೆ ಆತುಕೊಂಡ. ನಾನು ಬಾಯಿ ಬಿಡಲಿಲ್ಲ, ಕರಾರು ಕರಾರೇ. ಗ್ಲಾಸಿಗೆ ಕೈ ಚಾಚಿದರೆ ಸೆಮೆಯಾಕೆ ನನ್ನ ಕೈಯನ್ನು ಸರಿಸಿದಳು.

"ಹಿಂದ ನಿಂದ್ರು. ಬಂದವ್ರು ಮೊದಲ. ಮನಿ ಮಂದಿ ಆಮ್ಯಾಲೆ."

ಈ ಚಳಿಗಾಲದಲ್ಲಿ ರಜೆಗೆ ಊರಿಗೆ ಹೋಗಿದ್ದೆ. ಊರಲ್ಲಿ ಸುಗ್ಗಿ. ನಾನು ದುಡಿದ ಗಾಣಕ್ಕೆ ಮಹಾದೇವಿಯನ್ನು ಕರೆದುಕೊಂಡು ಹೋದೆ. ಮಾಲಕರು ಹೊಲಕ್ಕೆ ಹೋಗಿದ್ದರು. ಕಡಾಯಿಯ ಮುಂದೆ ಹುಕ್ಕೇರಿ ಕಡೆಯ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ನಿಂತಿದ್ದ. ನಾನು ಅವನಿಗೆ ಗೊತ್ತಿಲ್ಲ, ಅವನು ನನಗೆ ಗೊತ್ತಿಲ್ಲ. ನಮ್ಮ ಮುಂದೆ ಆಳುಗಳು ಹಾಲಿಗಾಗಿ ನಿಂತಿದ್ದರು, ಎಲ್ಲ ಹೊಸ ಮುಖಗಳು. ಅವನು ನನ್ನ ಇಸ್ತ್ರಿ ಮಾಡಿದ ಅಂಗಿ ನೋಡಿ, ಅವರನ್ನೆಲ್ಲ ಬದಿಗೆ ಸರಿಸಿ ಮೊದಲ ತಂಬಿಗೆಯನ್ನು ನನ್ನ ಕೈಗೆ ಕೊಟ್ಟ.

"ಬರ್ರಿ ಬರ್ರಿ, ಪರಸ್ಥಳದವ್ರು ಮೊದಲ ಕುಡೀರಿ."

ಇದೇ ಕಡಾಯಿಯ ಮುಂದೆ ಇಷ್ಟು ವರ್ಷ ನಿಂತವನಪ್ಪಾ ನಾನು ಎಂದು ಹೇಳಬೇಕೆಂದು ಬಾಯಿ ತೆರೆದೆ. ಎಷ್ಟು ಪ್ರೀತಿಯಿಂದ ಕೊಟ್ಟಿದ್ದ ಎಂದರೆ, ಹೇಳಲಾಗಲಿಲ್ಲ. ಕುಡಿದೆ. ಹಾಲು ಚಲೋ ಇತ್ತು. ಒಲೆಯ ಉರಿ ಸ್ವಲ್ಪ ಇಳಿದಂತೆ ಕಂಡಿತು. ಎರಡು ಹಿಡಿ ಸಿಪ್ಪೆ ಒಗೆಯೋಣ ಎಂದು ಅತ್ತ ಹೊರಟರೆ ಅವನು ಓಡಿಬಂದು ಕೈ ಹಿಡಿದ.

"ನೀವ್ಯಾಕ್ರಿ ಯಜಮಾನ್ರ, ಹೊಗಿ ಬಡೀತೈತಿ, ಅಂಗಿ ಹೊಲಸಾಗತೈತಿ. ಕುಂದರ್ರಿ."

ಗೋಡೆಯ ಬದಿಗೆ ಒಂದು ಚಾಪೆ ಹಾಸಿಸಿದ. ಮಹಾದೇವಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

"ಕುಂದರ್ರಿ," ಎಂದಳು, "ಬೀಗರ ಮನಿಗೆ ಬಂದಂಗ."

ಸೆಮೆಯಾಕೆ ಇಷ್ಟು ಹೊತ್ತಿಗೆ ಅಂಗಡಿ ಹರವಿರುತ್ತಾಳೆ, ಗೆಣಸು ಇಳಿಸಿಕೊಡಲು ನಾನಿಲ್ಲವೆಂದು ಓಡಿಯಾಂಬೊನನ್ನು ಬಯ್ಯುತ್ತಿರುತ್ತಾಳೆ ಅನಿಸಿತು. ತಿರುಗಿ ಹೋಗುವ ಟಿಕೀಟು ಮನೆಯಲ್ಲಿ ಟ್ರಂಕಿನೊಳಗಿತ್ತು. ಕುಳಿತೆ. ಬೀಗನಂತೆ ಬೆನ್ನನ್ನು ಮಾತ್ರ ಗೋಡೆಗೆ ಆನಿಸಲಿಲ್ಲ.